ಗಣಕವಿದ್ಯೆಯೂ ಅಚೌರ್ಯಾಣುವ್ರತವೂ

ಬೀಗವನ್ನು ಮಾಡುವವನು ಬೀಗ ತೆರೆಯುವ ಬಗೆಯನ್ನೂ ಅರಿತಿರಲೇಬೇಕು. ಕಳ್ಳನು ಯಾವ ಉಪಾಯದಿಂದ ಅದನ್ನು ತೆರೆಯಬಲ್ಲನೆಂಬುದು ಗೊತ್ತಿಲ್ಲದವನು ಮಾಡಿದ ಬೀಗ ಕದಕ್ಕೆ ಭಾರವೇ ಹೊರತು ಮನೆಗೆ ಕಾವಲಾಗದು. ಹೀಗಿರುವಾಗ, ಬೀಗ ತೆರೆಯುವ ವಿದ್ಯೆಯನ್ನು ಹತ್ತಾರು ತರುಣರನ್ನು ಕೂಡಿಸಿಕೊಂಡು ಕಲಿಸುವುದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಂದು ಇಂಜಿನಿಯರಿಂಗ್ ಕಾಲೇಜುಗಳ ಗಣಕವಿಜ್ಞಾನ ವಿಭಾಗಗಳಲ್ಲಿ ಸೈಬರ್ ಭದ್ರತೆಯನ್ನು ಬೋಧಿಸುವಾಗ, ಪಾಸ್‌ವರ್ಡನ್ನು ಭೇದಿಸುವ ಕ್ರಮ, ಜಾಲದಲ್ಲಿ ಸಾಗುವ ಸಂದೇಶವನ್ನು ನಡುವೆಯೇ ಓದಿಕೊಳ್ಳುವ ಕ್ರಮ, ತಂತ್ರಾಂಶದ ದೋಷವನ್ನು ಹಿಡಿದು ಅನ್ಯರ ಗಣಕಯಂತ್ರವನ್ನು ಹೊಗುವ ಕ್ರಮ ಇವೆಲ್ಲವನ್ನೂ ವಿವರಿಸಬೇಕಾಗುತ್ತದೆ. ಇವನ್ನು ವಿವರಿಸದೆ ರಕ್ಷಣೆಯನ್ನು ಕಲಿಸಲು ಬಾರದು.

ತುಮಕೂರು ಜಿಲ್ಲೆಯ ಕುಟುಂಬಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಸಿದ್ಧಗಂಗಾ ಮಠದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1963ರಲ್ಲಿ ಸ್ಥಾಪಿಸಿದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ, 1979ರಲ್ಲಿ ಆರಂಭವಾದ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯ, ಗುಬ್ಬಿಯಲ್ಲಿ 2001ರಲ್ಲಿ ತೊಡಗಿದ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯ, 2004ರಲ್ಲಿ ಸ್ಥಾಪನೆಗೊಂಡ ತುಮಕೂರು ವಿಶ್ವವಿದ್ಯಾನಿಲಯ ಇವು ಈ ನಾಡಿನ ಮಕ್ಕಳಿಗೆ ಉನ್ನತ ವಿದ್ಯೆಯನ್ನು ಮನೆಯ ಸಮೀಪಕ್ಕೆ ತಂದಿವೆ. ಕುಣಿಗಲ್ಲಿನ ತರುಣರು ಬಸ್ಸಿನಲ್ಲಿ ತುಮಕೂರಿಗೋ, 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳಗಳ ಮಾರ್ಗವಾಗಿ ಬೆಂಗಳೂರು–ಹಾಸನ ರೈಲು ಓಡಾಟ ತೊಡಗಿದ ಮೇಲೆ ರೈಲಿನಲ್ಲಿ ಬೆಂಗಳೂರಿಗೋ ಹೋಗಿ ಓದಬಲ್ಲರು. ತಂದೆ ಅಂಗಡಿಯ ಗಲ್ಲಾದ ಮುಂದೆ ಕುಳಿತಿದ್ದರೆ ಮಗನೋ ಮಗಳೋ ಗಣಕಯಂತ್ರದ ಮುಂದೆ ಕುಳಿತಿರುವ ಮನೆಗಳು ಈಗ ಸಾಮಾನ್ಯ. ಹಿಂದೆ ತಕ್ಕಡಿಯ ಮುಂದೆ ಪರೀಕ್ಷೆಗೊಳಗಾಗುತ್ತಿದ್ದ ಅಣುವ್ರತ ಇಂದು ಕೀಲಿಮಣೆಯ ಮುಂದೆ ಪರೀಕ್ಷೆಗೊಳಗಾಗುತ್ತಿದೆ.

ಎಣಿಕೆಯ ವಿದ್ಯೆಯನ್ನು ಜೈನಾಚಾರ್ಯರು ಎಂದೂ ಶಂಕೆಯಿಂದ ಕಂಡವರಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಆದುದರಿಂದ ಇಲ್ಲಿ ವಿಚಾರಣೆಗೆ ಒಳಗಾಗಬೇಕಾದುದು ಗಣಕವಿದ್ಯೆಯಲ್ಲ. ಅದರೊಳಗಿನ ಭೇದನದ ಭಾಗವನ್ನು ಕೊಡುವ ಮತ್ತು ಪಡೆಯುವ ರೀತಿ.

ಮೊದಲ ಆಕ್ಷೇಪ ಬಲವಾದದ್ದೇ. ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಪ್ರಭೇದಗಳನ್ನು ಹೇಳುವಾಗ ಹಿಂಸಾದಾನವನ್ನೂ ಎಣಿಸಲಾಗಿದೆ. ಖಡ್ಗ, ಕೊಡಲಿ, ಬೆಂಕಿ, ಸರಪಳಿ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ಕೊಟ್ಟವನು ತಾನು ಹೊಡೆಯದಿದ್ದರೂ ಹೊಡೆತದಲ್ಲಿ ಅವನ ಪಾಲುಂಟು. ಹಾಗಾದರೆ ಭೇದನದ ಉಪಾಯಗಳನ್ನು ಇಪ್ಪತ್ತು ವರ್ಷದ ತರುಣನ ಕೈಗೆ ಕೊಡುವ ಅಧ್ಯಾಪಕನೂ ಹಿಂಸಾದಾನವನ್ನೇ ಮಾಡಿದಂತಾಗಲಿಲ್ಲವೆ?

ಇದಕ್ಕೆ ಉತ್ತರ ‘ಅನರ್ಥ’ ಎಂಬ ಪದದಲ್ಲಿಯೇ ಅಡಗಿದೆ. ನಿಷೇಧ ಇರುವುದು ಪ್ರಯೋಜನವಿಲ್ಲದ ಕೊಡುಗೆಗೆ. ಖೋಟಾ ನಾಣ್ಯದ ಲಕ್ಷಣವನ್ನರಿಯದ ಚಿನಿವಾರನು ಊರಿನ ವ್ಯಾಪಾರವನ್ನು ಕಾಯಲಾರ. ಅವನಿಗೆ ಖೋಟಾ ನಾಣ್ಯವನ್ನು ತೋರಿಸಿಯೇ ಕಲಿಸಬೇಕು. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ವಿದ್ಯುತ್ತಿನ ಪೂರೈಕೆ ಎಲ್ಲವೂ ಗಣಕಯಂತ್ರಗಳನ್ನು ಅವಲಂಬಿಸಿರುವ ಈ ಕಾಲದಲ್ಲಿ ಅವನ್ನು ಕಾಯುವವರನ್ನು ಸಿದ್ಧಗೊಳಿಸುವುದು ನಿಷ್ಪ್ರಯೋಜಕವೆಂದು ಯಾರೂ ಹೇಳಲಾರರು. ಆದರೆ ಪ್ರಯೋಜನವುಂಟೆಂದ ಮಾತ್ರಕ್ಕೆ ಹೊಣೆ ತೀರಲಿಲ್ಲ. ಖೋಟಾ ನಾಣ್ಯವನ್ನು ತೋರಿಸಿದವನು ಅದನ್ನು ಚಲಾವಣೆ ಮಾಡಲಾಗದೆಂಬ ಎಲ್ಲೆಯನ್ನೂ ತೋರಿಸಬೇಕು. ಆ ಎಲ್ಲೆ ಯಾವುದು?

ಇಲ್ಲಿ ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರ ವಿವೇಚನೆ ದಾರಿದೀಪವಾಗಿದೆ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ತತ್ತ್ವಾರ್ಥಸೂತ್ರದ ಲಕ್ಷಣವನ್ನು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ ಅವರು ಒಂದು ಸಂದೇಹವನ್ನು ಎತ್ತಿಕೊಳ್ಳುತ್ತಾರೆ. ಭಿಕ್ಷುವು ಊರಿನ ಬೀದಿಗಳಲ್ಲಿ, ಹೆಬ್ಬಾಗಿಲುಗಳಲ್ಲಿ ಓಡಾಡುತ್ತಾನೆ. ಅವನ್ನು ಯಾರೂ ಅವನ ಕೈಗೆ ಎತ್ತಿ ಕೊಟ್ಟಿಲ್ಲ. ಹಾಗಾದರೆ ಅವನು ಅದತ್ತಾದಾನದ ದೋಷಿಯಲ್ಲವೆ? ಅಲ್ಲವೆಂಬುದು ಆಚಾರ್ಯರ ಸಮಾಧಾನ. ಬೀದಿ ಎಲ್ಲರಿಗಾಗಿ ಬಿಡಲ್ಪಟ್ಟಿದೆ. ಆದುದರಿಂದಲೇ ಅದು ಕೊಟ್ಟದ್ದಕ್ಕೆ ಸಮ. ಅದೇ ಭಿಕ್ಷುವು ಮುಚ್ಚಿದ ಬಾಗಿಲನ್ನು ಹೊಗುವುದಿಲ್ಲ. ಅದು ಎಲ್ಲರಿಗಾಗಿ ಬಿಟ್ಟದ್ದಲ್ಲ. ಇದರೊಡನೆ ಅವರು ಇನ್ನೊಂದು ಮಾತನ್ನೂ ಸ್ಪಷ್ಟಪಡಿಸುತ್ತಾರೆ. ಕಲುಷಿತ ಪರಿಣಾಮದಿಂದ ಪ್ರವೃತ್ತಿ ಎಲ್ಲಿದೆಯೋ ಅಲ್ಲಿ ಕಳವಿದೆ. ಹೊರಗಿನ ವಸ್ತುವನ್ನು ತೆಗೆದುಕೊಂಡರೂ ಅಷ್ಟೆ, ತೆಗೆದುಕೊಳ್ಳದಿದ್ದರೂ ಅಷ್ಟೆ.

ಈ ಎರಡು ಮಾತುಗಳಲ್ಲಿ ಗಣಕಜಾಲದ ನೀತಿಯ ಬಹುಭಾಗ ಅಡಗಿದೆ. ಸಾರ್ವಜನಿಕರಿಗಾಗಿ ತೆರೆದಿಟ್ಟ ಜಾಲತಾಣದ ಪುಟ ಬೀದಿಯಂತೆ; ಯಾರು ಬೇಕಾದರೂ ನೋಡಬಹುದು. ಪಾಸ್‌ವರ್ಡ್ ಕೇಳುವ ಪುಟ ಮುಚ್ಚಿದ ಬಾಗಿಲು. ಇವೆರಡರ ನಡುವೆ, ಅಗುಳಿ ಹಾಕದೆ ಬರಿದೆ ಮುಂದಕ್ಕೆಳೆದ ಕದದಂಥ ಸ್ಥಳಗಳೂ ಉಂಟು; ತರುಣರ ವಿವೇಕ ಪರೀಕ್ಷೆಗೊಳಗಾಗುವುದು ಅಲ್ಲಿಯೇ. ವಿದ್ಯಾರ್ಥಿಯೊಬ್ಬನು ಯಾವುದೋ ಜಾಲತಾಣದಲ್ಲಿ ತನ್ನ ಅಂಕಪಟ್ಟಿಯನ್ನು ನೋಡುತ್ತಿದ್ದಾನೆಂದು ಭಾವಿಸೋಣ. ಪುಟದ ವಿಳಾಸದ ಕೊನೆಯಲ್ಲಿ ಅವನ ನೋಂದಣಿ ಸಂಖ್ಯೆ ಕಾಣುತ್ತದೆ. ಕೈತಪ್ಪಿ ಒಂದು ಅಂಕೆ ಬದಲಾಗಿ, ಅಪರಿಚಿತ ಸಹಪಾಠಿಯ ಅಂಕಗಳು, ಜನ್ಮದಿನಾಂಕ, ತಂದೆಯ ಮೊಬೈಲ್ ಸಂಖ್ಯೆ ತೆರೆದುಕೊಳ್ಳುತ್ತವೆ. ಇಲ್ಲಿಯವರೆಗೆ ಅವನಲ್ಲಿ ದೋಷವಿಲ್ಲ. ಗಾಳಿಗೆ ಸರಿದ ಕದದ ಒಳಗಿನದು ದಾರಿಹೋಕನ ಕಣ್ಣಿಗೆ ಬಿದ್ದಂತೆ ಅದು ಆಕಸ್ಮಿಕ. ಆದರೆ ಎರಡನೆಯ ಬಾರಿ ಅವನು ತಿಳಿದೂ ತಿಳಿದೂ ಮತ್ತೊಬ್ಬರ ಸಂಖ್ಯೆಯನ್ನು ಒತ್ತಿದರೆ ಹೊಸ್ತಿಲನ್ನು ದಾಟಿದಂತಾಯಿತು. ‘ನಾನು ಏನನ್ನೂ ಒಯ್ಯಲಿಲ್ಲ, ಏನನ್ನೂ ಅಳಿಸಲಿಲ್ಲ, ಕುತೂಹಲಕ್ಕಾಗಿ ನೋಡಿದೆ’ ಎಂಬ ಸಮರ್ಥನೆ ಅಚೌರ್ಯದ ಮುಂದೆ ನಿಲ್ಲದು. ಅಗುಳಿ ಇಲ್ಲದ ಕದವೂ ಕದವೇ. ಅವನ ಕರ್ತವ್ಯವಿಷ್ಟೆ: ಕಂಡದ್ದನ್ನು ಸಂಸ್ಥೆಯ ಹೊಣೆಗಾರರಿಗೆ ತಿಳಿಸುವುದು, ಗೆಳೆಯರ ಗುಂಪಿನಲ್ಲಿ ಹರಡದಿರುವುದು. ದೋಷದ ಆಳವನ್ನು ಅಳೆಯುವುದು ಆ ಸಂಸ್ಥೆಯ ಕೆಲಸ.

ರಾಜಶಾಸನವೂ ಬಹುಮಟ್ಟಿಗೆ ಇದೇ ಎಲ್ಲೆಯನ್ನು ಹಿಡಿದಿದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣವು ಒಡೆಯನ ಅಥವಾ ಉಸ್ತುವಾರಿ ಹೊತ್ತವನ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದನ್ನೇ ತಪ್ಪೆಂದು ಎಣಿಸಿ ನಷ್ಟಪರಿಹಾರಕ್ಕೆ ಗುರಿಮಾಡುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಪ್ರಕರಣದಂತೆ 3 ವರ್ಷಗಳವರೆಗಿನ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಒಳ್ಳೆಯ ಉದ್ದೇಶವಿದ್ದರೆ ಅನುಮತಿಯ ಅಗತ್ಯವೇನು ಎಂದು ಕೇಳುವವರುಂಟು. ವಿಶ್ವವಿದ್ಯಾನಿಲಯಗಳ ಇತಿಹಾಸದಲ್ಲಿಯೇ ಇದಕ್ಕೆ ಎರಡು ಉತ್ತರಗಳಿವೆ. 1988ರ ನವೆಂಬರ್ 2ರಂದು ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಎಂಬಾತನು ತನ್ನಷ್ಟಕ್ಕೆ ತಾನೇ ಯಂತ್ರದಿಂದ ಯಂತ್ರಕ್ಕೆ ಹರಡುವ ಕಾರ್ಯಕ್ರಮವೊಂದನ್ನು ಜಾಲದಲ್ಲಿ ಬಿಟ್ಟನು. ಹಾಳುಗೆಡಹುವುದು ತನ್ನ ಉದ್ದೇಶವಾಗಿರಲಿಲ್ಲವೆಂದು ಆತ ಹೇಳಿದನು. ಆದರೆ ಹರಡುವ ವೇಗದ ಲೆಕ್ಕಾಚಾರ ತಪ್ಪಿ, ಒಂದೇ ಯಂತ್ರವನ್ನು ಅದು ಮತ್ತೆ ಮತ್ತೆ ಹೊಕ್ಕು, ಆಗಿನ ಅಂದಾಜಿನಂತೆ ಸುಮಾರು 6000 ಯಂತ್ರಗಳು ಬಾಧೆಗೊಳಗಾದವು. 1990ರಲ್ಲಿ ನ್ಯಾಯಾಲಯವು ಆತನಿಗೆ 3 ವರ್ಷಗಳ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರುಗಳ ದಂಡವನ್ನು ವಿಧಿಸಿತು. ಕಲುಷಿತ ಬುದ್ಧಿಯಿಲ್ಲದಿದ್ದರೂ ಪ್ರಮಾದ ಎಷ್ಟು ದೂರ ಹರಿಯಬಲ್ಲದೆಂಬುದಕ್ಕೆ ಇದು ನಿದರ್ಶನ. ಆತ ಮುಂದೆ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಗೌರವಾನ್ವಿತ ಪ್ರಾಧ್ಯಾಪಕನಾದನೆಂಬುದೂ ನೆನಪಿಡತಕ್ಕದ್ದು. ಪ್ರಾಯಶ್ಚಿತ್ತಕ್ಕೆ ಎಡೆಗೊಡುವ ದಂಡನೆ ವಿದ್ಯೆಯನ್ನು ಕೊಲ್ಲುವುದಿಲ್ಲ.

ಎರಡನೆಯದು ಇತ್ತೀಚಿನದು, ವಿದ್ಯಾರ್ಥಿಯ ದುಡುಕನ್ನು ಮೀರಿದ್ದು. ಮಿನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು, ಲೋಕದ ಅಸಂಖ್ಯ ಯಂತ್ರಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ತಂತ್ರಾಂಶಕ್ಕೆ ದೋಷವನ್ನು ನುಸುಳಿಸುವುದು ಸಾಧ್ಯವೆಂದು ತೋರಿಸಲು, ಬೇಕೆಂದೇ ದೋಷವಿರಿಸಿದ ತಿದ್ದುಪಡಿಗಳನ್ನು ಅದರ ಪಾಲಕರಿಗೆ ಕಳುಹಿಸಿದರು. ಪಾಲಕರ ಮುಖ್ಯಸ್ಥರ ಅನುಮತಿಯನ್ನು ಮುಂಚಿತವಾಗಿ ಪಡೆದಿರಲಿಲ್ಲ. 2021ರ ಏಪ್ರಿಲಿನಲ್ಲಿ ವಿಷಯ ಬಿಸಿಯೇರಿ, ಆ ವಿಶ್ವವಿದ್ಯಾನಿಲಯದ ಕೊಡುಗೆಗಳನ್ನೇ ಪಾಲಕರು ನಿಷೇಧಿಸಿದರು. ಸಂಶೋಧಕರು ಕ್ಷಮೆ ಯಾಚಿಸಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಅವರು ಹಣ ಕದಿಯಲಿಲ್ಲ. ಕೊಡದೆ ತೆಗೆದುಕೊಂಡದ್ದು ಪಾಲಕರ ಸಮಯವನ್ನು ಮತ್ತು ವಿಶ್ವಾಸವನ್ನು. ಸತ್ಯವನ್ನು ಹೊರಗೆಡಹುವ ಸಂಶೋಧನೆಗೂ ಅದತ್ತಾದಾನದಿಂದ ವಿನಾಯಿತಿ ಇಲ್ಲ.

ಆದುದರಿಂದ ಇಂತಹ ವಿಭಾಗಗಳ ಹೊಣೆ ಸ್ಪಷ್ಟವಾಗಿದೆ. ಭೇದನದ ಪ್ರಯೋಗಗಳು ಹೊರಗಿನ ಜಾಲದಿಂದ ಬೇರ್ಪಡಿಸಿದ, ಅದಕ್ಕೆಂದೇ ಇರಿಸಿದ ಯಂತ್ರಗಳ ಮೇಲೆ ನಡೆಯಬೇಕು. ಅನ್ಯರ ವ್ಯವಸ್ಥೆಯನ್ನು ಪರೀಕ್ಷಿಸಬೇಕಾದರೆ ಏನನ್ನು, ಎಷ್ಟರವರೆಗೆ, ಎಂದಿನವರೆಗೆ ಎಂಬ ಲಿಖಿತ ಅನುಮತಿ ಕೈಯಲ್ಲಿರಬೇಕು. ದೋಷ ಕಂಡಾಗ ಮೊದಲು ಒಡೆಯನಿಗೆ ತಿಳಿಸಿ, ತಿದ್ದಿಕೊಳ್ಳಲು ಕಾಲಾವಕಾಶವಿತ್ತು, ಅನಂತರವೇ ಪ್ರಕಟಿಸಬೇಕು. ಒಡೆಯನು ಕಿವಿಗೊಡದಿದ್ದರೆ 2004ರಿಂದ ಕಾರ್ಯನಿರ್ವಹಿಸುತ್ತಿರುವ ಭಾರತೀಯ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡಕ್ಕೆ ತಿಳಿಸಬಹುದು. ಇವುಗಳನ್ನು ಕೊನೆಯ ಪಾಠದಲ್ಲಿ ಅನುಬಂಧವಾಗಿ ಹೇಳಿದರೆ ಸಾಲದು. ಉಪಾಯವನ್ನು ಕೊಡುವ ಮೊದಲೇ ಎಲ್ಲೆಯನ್ನು ಕೊಡಬೇಕು. ಎಲ್ಲೆಯಿಲ್ಲದೆ ಉಪಾಯವನ್ನಷ್ಟೇ ಕೊಟ್ಟಲ್ಲಿ ಅಧ್ಯಾಪಕನು, ಪರರನ್ನು ಕಳವಿಗೆ ಪ್ರೇರಿಸುವ ಸ್ತೇನಪ್ರಯೋಗವೆಂಬ ಅತಿಚಾರದ ಅಂಚಿಗೆ ಬಂದು ನಿಲ್ಲುತ್ತಾನೆ.

ಆದರೆ ಎಲ್ಲ ಭಾರವನ್ನೂ ಕಾಲೇಜುಗಳ ಮೇಲೆ ಹೊರಿಸಿ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಸುಮ್ಮನಿರುವಂತಿಲ್ಲ. ಕದ್ದು ತಂದುದನ್ನು ಕೊಳ್ಳುವ ತದಾಹೃತಾದಾನವೂ ಅಚೌರ್ಯದ ಅತಿಚಾರವೇ. ಎಲ್ಲಿಂದಲೋ ಸೋರಿಬಂದ ಸಾವಿರಾರು ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಜಾಹೀರಾತಿಗಾಗಿ ಅಗ್ಗಕ್ಕೆ ಕೊಳ್ಳುವ ವ್ಯಾಪಾರಿ ತನ್ನನ್ನು ತಾನು ಕೇಳಿಕೊಳ್ಳಲಿ: ಇದನ್ನು ಕೊಟ್ಟವನಿಗೆ ಇದನ್ನು ಕೊಟ್ಟವರಾರು? ಅಂಗಡಿಯ ಕ್ಯೂ.ಆರ್. ಸಂಕೇತದ ಮೇಲೆ ತನ್ನದನ್ನು ಅಂಟಿಸಿ ಹಣ ಸೆಳೆಯುವವನದು ಪ್ರತಿರೂಪಕ ವ್ಯವಹಾರ. ಅದನ್ನು ದಿನಕ್ಕೊಮ್ಮೆಯಾದರೂ ಪರೀಕ್ಷಿಸದ ಅಂಗಡಿಯವನದು ಪ್ರಮಾದ.

ದಾನಿಗಳ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ, ಮೊಬೈಲ್ ಸಂಖ್ಯೆ ಇಂದು ಪ್ರತಿಯೊಂದು ಟ್ರಸ್ಟಿನ ಗಣಕಯಂತ್ರದಲ್ಲಿಯೂ ಇರುತ್ತವೆ. ಮಂದರಗಿರಿಗೋ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಶಾಂತಿನಾಥ ಬಸದಿಗೋ ಶ್ರವಣಬೆಳಗೊಳಕ್ಕೋ ಹೋಗುವ ಯಾತ್ರಿಕನು ತನ್ನ ಸಂಖ್ಯೆಯನ್ನು ಬರೆಸುವಾಗ ಅದನ್ನು ನ್ಯಾಸವಾಗಿ, ಇಟ್ಟ ಒತ್ತೆಯಾಗಿ, ಒಪ್ಪಿಸುತ್ತಾನೆ. ಅದನ್ನು ಅನ್ಯರಿಗೆ ಕೊಟ್ಟರೆ ನ್ಯಾಸಾಪಹಾರದ ದೋಷಕ್ಕೆ ಸಮೀಪ. ಎಲ್ಲ ಸಿಬ್ಬಂದಿಗೂ ಒಂದೇ ಪಾಸ್‌ವರ್ಡ್ ಕೊಟ್ಟು, ಅದನ್ನು ಗೋಡೆಗೆ ಅಂಟಿಸಿ ಕಳೆದುಕೊಂಡರೆ ಪ್ರಮಾದದ ದೋಷ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಮಾಹಿತಿಯನ್ನು ಪಡೆದವನ ಮೇಲೆಯೇ ಅದರ ರಕ್ಷಣೆಯ ಹೊಣೆಯನ್ನು ಹೊರಿಸಿದೆ. ತರುಣನೊಬ್ಬನು ಬಂದು ‘ನಿಮ್ಮ ಜಾಲತಾಣದಲ್ಲಿ ಈ ದೋಷವಿದೆ’ ಎಂದು ವಿನಯದಿಂದ ತಿಳಿಸಿದರೆ ಅವನನ್ನು ಗದರಿಸಿ ಕಳುಹಿಸಬಾರದು. ಅವನು ಬಾಗಿಲ ಹೊರಗೆ ನಿಂತು ಕೂಗಿ ಹೇಳಿದವನು, ಒಳಹೊಕ್ಕವನಲ್ಲ. ಅಂಥವನನ್ನು ಅವಮಾನಿಸಿದರೆ ಮುಂದಿನವನು ಹೇಳದೆ ಹೋಗುತ್ತಾನೆ, ಇಲ್ಲವೇ ಹೇಳದೆ ಒಳಬರುತ್ತಾನೆ.

ಮನೆಗಳಲ್ಲಿ ಹಿರಿಯರ ರಕ್ಷಣೆ ಈ ವಿದ್ಯೆಯನ್ನು ಕಲಿತ ಮಕ್ಕಳ ಮೊದಲ ಸೇವೆಯಾಗಬೇಕು. ಪೊಲೀಸರ ವೇಷದಲ್ಲಿ ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡು ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ ಹಣ ಕೀಳುವವರಿದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋದೊಡನೆ ನಾಚಿಕೆಯಿಂದ ಮುಚ್ಚಿಡದೆ 1930 ಸಂಖ್ಯೆಗೆ ಕರೆಮಾಡಿದರೆ, ಕಳ್ಳನು ಅದನ್ನು ತೆಗೆದುಕೊಳ್ಳುವ ಮೊದಲೇ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆಯುಂಟು. ಅಜ್ಜಿಗೆ ಓ.ಟಿ.ಪಿ. ಎಂದರೇನೆಂದು ತಾಳ್ಮೆಯಿಂದ ವಿವರಿಸಿದ ಮೊಮ್ಮಗಳು ಅಭಯದಾನದ ಒಂದು ಸಣ್ಣ ರೂಪವನ್ನೇ ಆಚರಿಸಿದಂತೆ.

ಮಗನನ್ನೋ ಮಗಳನ್ನೋ ಗಣಕವಿಭಾಗಕ್ಕೆ ಸೇರಿಸುವ ತಂದೆತಾಯಿಗಳು ಶುಲ್ಕವೆಷ್ಟು, ಉದ್ಯೋಗವೆಲ್ಲಿ ಎಂದು ವಿಚಾರಿಸುವುದು ಯುಕ್ತವೇ. ಅದರೊಡನೆ ಇನ್ನೊಂದನ್ನೂ ವಿಚಾರಿಸಲಿ: ಇಲ್ಲಿ ಬಾಗಿಲು ತೆರೆಯುವುದನ್ನು ಕಲಿಸುವವರು, ಯಾವ ಬಾಗಿಲ ಮುಂದೆ ನಿಂತು ಅನುಮತಿ ಕೇಳಬೇಕೆಂಬುದನ್ನೂ ಕಲಿಸುತ್ತಾರೆಯೇ? ಈ ಪ್ರಶ್ನೆಯನ್ನು ಕೇಳುವ ಮನೆಗಳು ಹೆಚ್ಚಿದಷ್ಟೂ ಅದಕ್ಕೆ ಉತ್ತರ ಕೊಡಬಲ್ಲ ವಿಭಾಗಗಳೂ ಹೆಚ್ಚುವುವು.