ತಾಯಿಯ ಕಡೆ ನೋಡುವವರು

ಮಗು ಅತ್ತ ಕೂಡಲೇ ಹೆರಿಗೆ ಕೋಣೆಯ ಕಣ್ಣುಗಳೆಲ್ಲ ಅದರತ್ತ ತಿರುಗುತ್ತವೆ. ಗಂಡೋ ಹೆಣ್ಣೋ, ತೂಕ ಎಷ್ಟು, ಯಾರ ಹೋಲಿಕೆ ಎಂದು ಬಾಗಿಲಾಚೆ ಕಾದವರು ಕೇಳುವುದೂ ಅದನ್ನೇ. ಆ ಹೊತ್ತಿನಲ್ಲಿ ಸಿಸ್ಟರ್ ಒಬ್ಬಳು ತಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತಿರುತ್ತಾಳೆ.

ಆ ಅಂಗೈ ಹುಡುಕುವುದು ಗಟ್ಟಿತನವನ್ನು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶದ ಸ್ನಾಯುಗಳೇ ಬಿಗಿದುಕೊಂಡು ಆ ರಕ್ತದ ನಾಳಗಳನ್ನು ಹಿಸುಕಿ ಮುಚ್ಚಬೇಕು. 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುವುದು ಅದಕ್ಕಾಗಿಯೇ. ಗರ್ಭಕೋಶ ಹೊಕ್ಕುಳ ಹತ್ತಿರ ಗಟ್ಟಿಯಾಗಿ ಕೈಗೆ ಸಿಕ್ಕರೆ ಸರಿ. ಮೆತ್ತಗಿದ್ದರೆ ಕೂಡಲೇ ತಿಕ್ಕಬೇಕು. ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಬಟ್ಟೆ ಎಷ್ಟು ನೆಂದಿದೆ ಎಂಬುದನ್ನು ನೋಡುತ್ತಲೇ ಇರಬೇಕು. ಮಗು ಅತ್ತು ಕರೆಯುತ್ತದೆ. ರಕ್ತ ಸದ್ದಿಲ್ಲದೆ ಹೋಗುತ್ತದೆ.

ಕಿವಿಯೂ ಬೇಕು. ತಮಿಳುನಾಡಿನ ಗಡಿಯಲ್ಲಿರುವ ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಸುತ್ತಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡವೋ ತೆಲುಗೋ ಆಗಿರುವವರು ಬಹಳ. ಆಸ್ಪತ್ರೆಯ ಚೀಟಿ ತಮಿಳಿನಲ್ಲಿ. ನೋವಿನಲ್ಲಿ ಯಾರಿಗೂ ಕಲಿತ ಭಾಷೆ ಒದಗುವುದಿಲ್ಲ. "ಕಣ್ಣು ಕತ್ತಲೆ ಬರ್ತೈತಕ್ಕಾ" ಎಂದು ಬಾಣಂತಿ ಹೇಳಿದರೆ ಅದು ಬರೀ ಸುಸ್ತಲ್ಲ, ಒಳಗೆ ರಕ್ತ ಕಡಿಮೆಯಾಗುತ್ತಿರುವ ಸುದ್ದಿಯೂ ಇರಬಹುದು. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ನರ್ಸಿಗೆ ಅದು ತಿಳಿಯಬೇಕು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಣ್ಣು ಇರಬಹುದೆಂದು ತಮಿಳುನಾಡು ಸರ್ಕಾರ 2004ರಲ್ಲೇ ಅವಕಾಶ ಮಾಡಿದ್ದು, ಈ ಗಡಿಯಲ್ಲಿ ನನಗೆ ಧೈರ್ಯ ತುಂಬುವುದಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ. ತಾಯಿಯೋ ಅತ್ತೆಯೋ ಪಕ್ಕದಲ್ಲಿದ್ದರೆ ಆ ಮಾತು ಸಿಸ್ಟರಿಗೆ ಮುಟ್ಟುತ್ತದೆ.

ತಾಯ್ತನವನ್ನು ನಾವು ಬೇಕಾದಷ್ಟು ಹೊಗಳಿದ್ದೇವೆ. ಹೆತ್ತವಳನ್ನು, ಹೆತ್ತದ್ದನ್ನು ಬಿಟ್ಟು, ಅವಳಾಗಿಯೇ ನೋಡಿದ್ದು ಎಷ್ಟು? ಪಾವಗಡದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರ ಬಾಯಲ್ಲಿದ್ದದ್ದು 15,000ಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ. ಆ ಲೆಕ್ಕ ದೊಡ್ಡದೇ. ಆದರೆ ಹೆರಿಗೆಯಾದ ಮೇಲೆ ಅವರ ಕೈ ಎಷ್ಟು ಜನರ ರಕ್ತ ನಿಲ್ಲಿಸಿತೋ, ಅದು ಯಾವ ಪಟ್ಟಿಗೂ ಸೇರುವುದಿಲ್ಲ.

ಹೆರುವ ಕಾಲ ಮುಗಿದ ಹೆಂಗಸಂತೂ ನಮ್ಮ ನೋಟದಿಂದಲೇ ಜಾರಿಹೋಗುತ್ತಾಳೆ. ಬಿಳಿಸೆರಗು, ಜಾರಿದ ಗರ್ಭಕೋಶ, ಮುಟ್ಟು ನಿಂತ ಮೇಲೂ ಕಾಣುವ ರಕ್ತ, ಎಲ್ಲವನ್ನೂ ಸೆರಗಿನೊಳಗೇ ಇಟ್ಟುಕೊಂಡು ಹೊಲಕ್ಕೆ ಹೋಗುತ್ತಾಳೆ. ಆ ನೋಟ ಅವಳತ್ತ ತಿರುಗಿದ್ದೂ ಉಂಟು: ತಮಿಳುನಾಡಿನದೇ ದಿಂಡಿಗಲ್ ಜಿಲ್ಲೆಯ ಒಂದು ಅಧ್ಯಯನದಲ್ಲಿ ತರಬೇತಿ ಪಡೆದ ನರ್ಸುಗಳು 30ರಿಂದ 59 ವಯಸ್ಸಿನ ಹೆಂಗಸರ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಸವರಿ, ಬಿಳುಪೇರುತ್ತದೆಯೇ ಎಂದು ಬರಿಗಣ್ಣಿನಲ್ಲೇ ನೋಡಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು: ಗರ್ಭಕೊರಳಿನ ಕ್ಯಾನ್ಸರಿನ ಸಾವು 35% ಇಳಿದಿತ್ತು. ದೊಡ್ಡ ಯಂತ್ರವಿಲ್ಲ, ಒಬ್ಬ ನರ್ಸ್, ಒಂದು ದೀಪ, ಮುಜುಗರವಾಗದಂತೆ ಆಡುವ ನಾಲ್ಕು ಮಾತು.

ಇದನ್ನೆಲ್ಲ ತ್ಯಾಗ, ಕರುಣೆ ಎಂದು ಕರೆದು ಕೈಮುಗಿಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಇದು ಕೆಲಸ, ಕೆಲಸಕ್ಕೆ ಕೈಗಳು ಬೇಕು. 24 ಗಂಟೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು ಸ್ಟಾಫ್ ನರ್ಸ್ ಎಂದು ತಮಿಳುನಾಡು ಕ್ರಮ ಮಾಡಿತು. ಮೂರು ಪಾಳಿ, ಪಾಳಿಗೊಬ್ಬಳು. ರಾತ್ರಿ ಒಬ್ಬಳ ಹೆರಿಗೆಯಾಗಿ ಕಾಲು ಗಂಟೆಯಾಗಿದೆ, ಪಕ್ಕದವಳಿಗೆ ನೋವು ಏರುತ್ತಿದೆ ಎಂದುಕೊಳ್ಳಿ. ಯಾರ ಹೊಟ್ಟೆಯ ಮೇಲಿನ ಕೈಯನ್ನು ಆ ಪಾಳಿಯ ನರ್ಸ್ ತೆಗೆಯಬೇಕು?