ಸೀಸೆಯ ಮೇಲಿನ ಸತ್ಯ

ಟ್ರಿಸ್ ಬಫರ್ ಇಲ್ಲದ ಜೀವವಿಜ್ಞಾನದ ಪ್ರಯೋಗಾಲಯ ಅಪರೂಪ. ತುಸು ಆಮ್ಲ ಬಿದ್ದರೂ ಕ್ಷಾರ ಬಿದ್ದರೂ ದ್ರಾವಣದ ಪಿಎಚ್ ಹೆಚ್ಚು ಅಲುಗದಂತೆ ಕಾಯುವುದು ಅದರ ಕೆಲಸ. ಆದರೆ ಚಳಿ ತಾಗಿದರೆ ಕಾವಲುಗಾರನೇ ಜರುಗುತ್ತಾನೆ. 25 ಡಿಗ್ರಿಯಲ್ಲಿ 8.0ಕ್ಕೆ ಹೊಂದಿಸಿದ್ದು 4 ಡಿಗ್ರಿಯ ಶೀತಲ ಕೋಣೆಯಲ್ಲಿ ಸುಮಾರು 8.6 ಆಗುತ್ತದೆ. ಸೀಸೆಯ ಲೇಬಲ್ ಮಾತ್ರ 8.0 ಎಂದೇ ಹೇಳುತ್ತಿರುತ್ತದೆ.

ಇದು ಸುಳ್ಳೇ? ಬರೆದವರು ಅಳೆದೇ ಬರೆದಿದ್ದಾರೆ. ಆದರೂ ಅದನ್ನು ನಂಬಿ ಪ್ರೋಟೀನು ಬೇರ್ಪಡಿಸಲು ಕೂತವರ ದಿನವಿಡೀ ದುಡಿಮೆ ನೀರಿನಲ್ಲಿ ಹೋಮ ಆಗಬಹುದು. ಓದಿದವರೇ ವಿಚಾರಿಸಿಕೊಳ್ಳಬೇಕಿತ್ತು ಎನ್ನುವುದು ಸುಲಭ, ನನಗದು ಒಪ್ಪಿಗೆಯಿಲ್ಲ. ಸೀಸೆ ಚಳಿಗೆ ಹೋಗುತ್ತದೆಂದು ಗೊತ್ತಿದ್ದೂ ಅಳೆದ ಉಷ್ಣಾಂಶವನ್ನು ಬರೆಯದೆ ಬಿಟ್ಟವರ ಮಾತು ನಿಜವಿರಬಹುದು. ಅವರನ್ನು ಪ್ರಾಮಾಣಿಕರು ಎನ್ನಲು ನಾಲಿಗೆ ತಡವರಿಸುತ್ತದೆ. ಪಕ್ಕದಲ್ಲಿ ಎರಡಂಕಿ ಬರೆಯಲು ಜಾಗವಿತ್ತು.