ವ್ಯಕ್ತಿಯ ಹಕ್ಕು, ನಾಗರಿಕರ ಹಕ್ಕು

ಭಾರತ ಸಂವಿಧಾನದ ಮೂರನೆಯ ಭಾಗದಲ್ಲಿರುವ ಮೂಲಭೂತ ಹಕ್ಕುಗಳೆಲ್ಲ ಒಂದೇ ಬಗೆಯವಲ್ಲ. ಕಾನೂನಿನ ಮುಂದೆ ಸಮಾನತೆ (14ನೇ ವಿಧಿ), ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ (21), ಧರ್ಮಾಚರಣೆ (25) ಈ ನೆಲದ ಮೇಲಿರುವ ಯಾವುದೇ ವ್ಯಕ್ತಿಗೆ ಸಲ್ಲುತ್ತವೆ. ಮಾತನಾಡುವ, ಸಂಘ ಕಟ್ಟುವ, ದೇಶದಲ್ಲಿ ಎಲ್ಲಿಯಾದರೂ ನೆಲೆಸುವ ಸ್ವಾತಂತ್ರ್ಯವನ್ನು 19ನೇ ವಿಧಿ ನಾಗರಿಕರಿಗೆ ಮಾತ್ರ ಕೊಡುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಇದೇ ವಿಧಿಯ ಬಲದಿಂದ.

ಈ ಭೇದ ಬದುಕನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಮುಂಡಗೋಡವೇ ಸಾಕ್ಷಿ. ಇಲ್ಲಿನ ಟಿಬೆಟನ್ ನೆಲೆ ಆರಂಭವಾದದ್ದು 1966ರಲ್ಲಿ. ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಆದರೂ ಗಾಂಡೆನ್, ಡ್ರೆಪುಂಗ್ ಮಠಗಳ ಪೂಜೆ, ಪಾಠಗಳಿಗೆ 25ನೇ ವಿಧಿಯ ರಕ್ಷಣೆ ಇದೆ; ಭಿಕ್ಷುಗಳ ಜೀವಕ್ಕೆ 21ನೇ ವಿಧಿಯ ಕಾವಲಿದೆ. ಪೌರತ್ವವಿಲ್ಲದವರು 19ನೇ ವಿಧಿಯ ಹೆಸರಿನಲ್ಲಿ ಮಾತ್ರ ನ್ಯಾಯ ಕೇಳಲಾರರು. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ನಾಗರಿಕರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ತಂದೆತಾಯಿ ಇಬ್ಬರೂ ಟಿಬೆಟ್‌ನಿಂದ ಬಂದವರಾಗಿದ್ದರೆ, 1986ರಲ್ಲಿ ಹುಟ್ಟಿದ ಅಕ್ಕ ನಾಗರಿಕಳು, 1988ರಲ್ಲಿ ಹುಟ್ಟಿದ ತಮ್ಮ ಹೊರಗಿನವನು.

ಹಾಗಾದರೆ ಹಕ್ಕು ಹುಟ್ಟುವುದೆಲ್ಲಿ? ಕಾನೂನು ಹುಟ್ಟಿಸಿದ್ದೇ ಹಕ್ಕು ಎಂದವನು ಬೆಂಥಮ್. ಮನುಷ್ಯನಿಗೆ ಸಹಜವಾಗಿ ಇರುವ ಹಕ್ಕನ್ನು ಕಾಯುವುದಕ್ಕೇ ರಾಜ್ಯ ಇದೆ ಎಂದವನು ಲಾಕ್. ಭಾರತದ ನ್ಯಾಯಾಲಯಗಳು ಎರಡೂ ದಾರಿ ನಡೆದಿವೆ. ತುರ್ತುಪರಿಸ್ಥಿತಿ ಇರುವಾಗ ಬಂಧಿತರು ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪಿತ್ತಿತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ, 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಜೀವ, ಸ್ವಾತಂತ್ರ್ಯಗಳು ಸಂವಿಧಾನದ ಕೊಡುಗೆಯಲ್ಲ, ಅದಕ್ಕಿಂತ ಹಿಂದಿನವು ಎಂಬ ನಿಲುವು ಅಲ್ಲಿ ಗೆದ್ದಿತು. ಗೆಲ್ಲಬೇಕಾಗಿದ್ದದ್ದೂ ಅದೇ.

ಇದೇ ತತ್ತ್ವ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಇದೆ. ಅತಿಕ್ರಮಣದಾರರು ಎಂದು ಕರೆಸಿಕೊಳ್ಳುತ್ತಿದ್ದವರಿಗೆ ಅದು ಹೊಸದಾಗಿ ಭೂಮಿ ದಾನ ಮಾಡುವುದಿಲ್ಲ. ಚಾರಿತ್ರಿಕ ಅನ್ಯಾಯವನ್ನು ಒಪ್ಪಿಕೊಂಡು, ಮೊದಲೇ ಇದ್ದ ಹಕ್ಕನ್ನು ಮಾನ್ಯ ಮಾಡುತ್ತದೆ. ಆದರೆ ಆಚರಣೆಯಲ್ಲಿ ಮತ್ತೆ ಪಟ್ಟಿಗಳು ಅಡ್ಡ ಬರುತ್ತವೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹೀಗಾಗಿ ಹಳಿಯಾಳದ ಸಿದ್ದಿ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿಯನ್ನು ತೋರಿಸಿದರೆ ಸಾಕು. ಜೋಯಿಡಾದ ಕುಣಬಿಯರು ಆ ಪಟ್ಟಿಗಾಗಿ ಬಹುಕಾಲದಿಂದ ಹೋರಾಡುತ್ತಿದ್ದಾರೆ. ಪಟ್ಟಿಯ ಹೊರಗಿರುವವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದನ್ನೂ ಸಾಬೀತುಮಾಡಬೇಕು. ನೆಲ ಬದಲಿಸುತ್ತ ಮಾಡುವ ಕುಮರಿ ಬೇಸಾಯದಲ್ಲಿ ಬಾಳಿದ ಜನರಿಂದ ಇಷ್ಟು ಹಳೆಯ ಕಾಗದಪತ್ರ ಕೇಳುವುದು ನ್ಯಾಯವಲ್ಲ. ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವೆಂದು ಕಾಯ್ದೆಯ ನಿಯಮಗಳೇ ಒಪ್ಪುತ್ತವೆ. ಅರ್ಜಿ ಪರಿಶೀಲಿಸುವವರು ಇದನ್ನು ಮರೆಯಬಾರದು.

ಹಕ್ಕಿಗೆ ಧಕ್ಕೆ ಬಂದಾಗ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗುವ ದಾರಿ ನಾಗರಿಕರಲ್ಲದವರಿಗೂ ತೆರೆದಿದೆ. ದಾಂಡೇಲಿ, ಮುಂಡಗೋಡ, ಹಳಿಯಾಳ, ಜೋಯಿಡಾ ಈ ನಾಲ್ಕೂ ತಾಲ್ಲೂಕುಗಳಿಗೆ ಆ ನ್ಯಾಯಾಲಯ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ.